ಎರಡೂವರೆ ಕಿಲೋ ಡಬ್ಬಿ

ಬೈತ್ ಶಮ್ಸಾನ್, ಯೆಮನ್
14 ಫೆಬ್ರವರಿ 1997

ತಮ್ಮ ಗಮ್ದಾನನಿಗೆ,

ಈ ಬೆಳಿಗ್ಗೆ ಆರೋಗ್ಯ ಕೇಂದ್ರದ ಬಾಗಿಲು ತೆಗೆದಾಗ ಹಳೆಯ ಸ್ಪ್ರಿಂಗ್ ತಕ್ಕಡಿಯ ಮುಳ್ಳು ಇನ್ನೂರು ಗ್ರಾಂ ತೋರಿಸುತ್ತ ನಿಂತಿತ್ತು. ಜೋಲಿಯಲ್ಲಿ ಮಗುವಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಒಳಗೆ ನಾಲ್ಕು ಒಣ ಹುಲ್ಲೆಸಳು. ಗುಬ್ಬಿಯೊಂದು ಗೂಡಿಗೆ ಜಾಗ ನೋಡಿಹೋಗಿತ್ತು. ಹುಲ್ಲು ತೆಗೆದೆ. ಮುಳ್ಳು ಕದಲಲಿಲ್ಲ. ಸೂಲಗಿತ್ತಿ ಹಜ್ಜಾ ಲುತ್ಫಿಯಾ ಬಂದು ತಕ್ಕಡಿಯ ಬೆನ್ನಿಗೆ ಅಂಗೈಯಿಂದ ಎರಡು ಬಾರಿಸಿದರು. ಆಗಲೂ ಕದಲಲಿಲ್ಲ. "ಮುದಿ ಕತ್ತೆ ಇದು, ಹೊಡೆದ್ರೂ ಅಷ್ಟೇ, ಮುದ್ದು ಮಾಡಿದ್ರೂ ಅಷ್ಟೇ. ಇನ್ನೂರು ಕಳೆದು ಬರ್ಕೋ ಅರ್ವಾ" ಎಂದರು. ಹಾಗೆಯೇ ಕಳೆದು ಬರೆಯುತ್ತಿದ್ದೇನೆ.

ಮಕ್ಕಳನ್ನು ತೂಗಲೆಂದು ನೀನು ಕಾಲೇಜಿನಲ್ಲಿ ಕಟ್ಟಿ ಕಳಿಸಿದ ಯಂತ್ರ ಹಬ್ಬದ ಹಿಂದಿನ ದಿನ ತಲುಪಿತು. ನಿನ್ನ ಸಹಪಾಠಿಯ ತಂದೆ ಅದನ್ನು ಕಂಬಳಿಯಲ್ಲಿ ಸುತ್ತಿ ಸನಾದಿಂದ ಜೀಪಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದರಂತೆ. ಆದರೂ ದಾರಿ ನಮ್ಮ ದಾರಿಯೇ ಅಲ್ಲವೇ? ಬ್ಯಾಟರಿ ಸಿಕ್ಕಿಸಿದೆ, ಕೆಂಪು ಅಂಕಿಗಳು ಉರಿದವು, ಎಲ್ಲರೂ "ಮಾಶಾ ಅಲ್ಲಾಹ್" ಎಂದರು. ಆಮೇಲೆ ಖಾಲಿ ತಟ್ಟೆ ಒಂಬತ್ತು ಕಿಲೋ ಎಂದಿತು. ನನ್ನ ಕೈ ಇಟ್ಟರೆ ಎರಡು ಕಿಲೋ. ಹಜ್ಜಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಕೈಗೆ ಗಾಳಿಗಿಂತ ತೂಕ ಕಡಿಮೆ ಅಂತಾಯ್ತಲ್ಲ" ಎಂದರು. ಈಗ ಏನು ಮಾಡಲಿ?

ಅಮ್ಮ ಚೆನ್ನಾಗಿದ್ದಾಳೆ. ದೊಡ್ಡಕ್ಕ ತಕಿಯ್ಯಾ ಮೇಲಿನ ಕೇರಿಯ ಅತ್ತೆ ಮನೆಯಲ್ಲೇ ಇದ್ದಾಳೆ. ಏಳನೆಯ ತಿಂಗಳಿಗೆ ಬಿದ್ದಿದೆ. ಮೆಟ್ಟಿಲು ಹತ್ತಿಳಿಯುವುದು ಕಷ್ಟವೆನ್ನುತ್ತಾಳೆ.

ಅರ್ವಾ


ಫೆಸ್, ಮೊರಾಕ್ಕೋ
3 ಮಾರ್ಚ್ 1997

ಅರ್ವಾ ಅಕ್ಕನಿಗೆ,

ನಿನ್ನ ಕೈ ಗಾಳಿಗಿಂತ ಹಗುರವೆಂಬುದು ನನಗೆ ಮೊದಲೇ ಗೊತ್ತು. ಚಿಕ್ಕಂದಿನಲ್ಲಿ ನೀನು ಹೊಡೆದರೆ ನೋಯುತ್ತಲೇ ಇರಲಿಲ್ಲ.

ಹೆದರಬೇಡ, ಯಂತ್ರ ಕೆಟ್ಟಿಲ್ಲ. ತಟ್ಟೆಯ ಕೆಳಗೆ ಒಂದು ಲೋಹದ ಪಟ್ಟಿ ಇದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಷ್ಟೂ ವಿದ್ಯುತ್ತು ಒಂದಿಷ್ಟು ಬದಲಾಗುತ್ತದೆ. ಆ ಒಂದಿಷ್ಟನ್ನು ದೊಡ್ಡದು ಮಾಡಿ, ಎಣಿಕೆಯಾಗಿಸಿ, ಮೈಕ್ರೋಕಂಟ್ರೋಲರ್ ಎಂಬ ಕಪ್ಪು ಚಿಪ್ಪಿಗೆ ಕೊಡುತ್ತೇವೆ. ಇಷ್ಟು ಎಣಿಕೆಗೆ ಇಷ್ಟು ಗ್ರಾಂ ಎಂಬ ಲೆಕ್ಕವನ್ನು ಆ ಚಿಪ್ಪಿನೊಳಗೆ ಬರೆದಿರುತ್ತೇವೆ. ದಾರಿಯ ಕುಲುಕಾಟಕ್ಕೆ ಪಟ್ಟಿ ಸ್ವಲ್ಪ ಸೊಟ್ಟಗಾಗಿರಬೇಕು, ಲೆಕ್ಕ ತಪ್ಪಿದೆ. ಅಷ್ಟೇ.

ನೀನು ಮಾಡಬೇಕಾದದ್ದು ಇಷ್ಟು. ಪೆಟ್ಟಿಗೆಯ ಹಿಂದಿನ ಸಣ್ಣ ಗುಂಡಿ ಒತ್ತಿ ಹಿಡಿ, ಆಗ ಗ್ರಾಂ ಬದಲು ಬರಿಯ ಎಣಿಕೆ ಕಾಣುತ್ತದೆ. ಖಾಲಿ ತಟ್ಟೆಯ ಎಣಿಕೆ ಬರೆದುಕೋ. ತೂಕ ಖಚಿತವಾಗಿ ಗೊತ್ತಿರುವ ಒಂದು ವಸ್ತುವನ್ನಿಟ್ಟು ಅದರ ಎಣಿಕೆಯನ್ನೂ ಬರೆದುಕೋ. ಎಲ್ಲವನ್ನೂ ಬೇರೆ ಚೀಟಿಯಲ್ಲಿ ಕಳಿಸು, ಬರಿಯ ಅಂಕಿ ಸಾಕು. ಪ್ರಯೋಗಶಾಲೆಯಲ್ಲಿ ಹತ್ತು ಜನರಿರುತ್ತಾರೆ. ಅಕ್ಕನ ಪತ್ರವನ್ನು ಅವರ ಮುಂದೆ ಬಿಚ್ಚಿ ಹರಡಲು ನನಗಾಗದು.

ಚಿಪ್ಪಿನ ಬರಹವೆಲ್ಲ ನಾನೇ ಕೂತು ಬರೆದದ್ದು. ಹೊಸ ಲೆಕ್ಕ ಹಾಕಿ ಇನ್ನೊಂದು ಚಿಪ್ಪು ಕಳಿಸುತ್ತೇನೆ. ನನ್ನ ಜೊತೆಗಾರ ಬಾಸ್ಸೂ ಪೆಟ್ಟಿಗೆಯ ಕೆಲಸ ನೋಡಿಕೊಳ್ಳುತ್ತಾನೆ. ಅಟ್ಲಾಸ್ ಬೆಟ್ಟದ ಹುಡುಗ. ಅರಬ್ಬಿಯಲ್ಲಿ ಜಗಳವಾಡುತ್ತಾನೆ, ಫ್ರೆಂಚಿನಲ್ಲಿ ಲೆಕ್ಕ ಮಾಡುತ್ತಾನೆ, ಅವನ ಬೆಟ್ಟದ ಭಾಷೆಯಲ್ಲಿ ನಿದ್ದೆಗಣ್ಣಲ್ಲಿ ಬಡಬಡಿಸುತ್ತಾನೆ.

ನಿನ್ನ ತಮ್ಮ
ಗಮ್ದಾನ್


ಬೈತ್ ಶಮ್ಸಾನ್
20 ಮಾರ್ಚ್ 1997

ಗಮ್ದಾನ್,

ತೂಕ ಖಚಿತವಾಗಿ ಗೊತ್ತಿರುವ ವಸ್ತು ಎಂದು ನೀನು ಸುಲಭವಾಗಿ ಬರೆದುಬಿಟ್ಟೆ. ಈ ಊರಿನಲ್ಲಿ ಅಂಥದ್ದು ಎಲ್ಲಿದೆ? ಅಂಗಡಿ ಮುಸನ್ನಾನ ಕಬ್ಬಿಣದ ತೂಕದ ಬೊಟ್ಟುಗಳನ್ನು ಕೇಳೋಣವೆಂದೆ. ಹಜ್ಜಾ ನಕ್ಕುಬಿಟ್ಟರು. "ಅವನ ಬೊಟ್ಟಿನ ತಳ ಸವೆದಿರೋದು ನೆಲಕ್ಕೆ ಉಜ್ಜಿ ಅಲ್ಲ, ಅರಕ್ಕೆ ಉಜ್ಜಿ. ಮೂವತ್ತು ವರ್ಷದಿಂದ ನಮ್ಮ ಸಕ್ಕರೆ ತಿಂದೇ ಅವನ ಹೊಟ್ಟೆ ಆ ಗಾತ್ರ ಆಗಿರೋದು." ಇದನ್ನು ಯಾರೂ ಕಣ್ಣಾರೆ ಕಂಡಿಲ್ಲ. ಆದರೆ ಊರಿಗೆ ಊರೇ ನಂಬಿದೆ.

ಕೊನೆಗೆ ದಾಸ್ತಾನಿನಲ್ಲಿದ್ದ ಹಾಲಿನ ಪುಡಿಯ ಡಬ್ಬಿ ನೆನಪಾಯಿತು. ಮುಚ್ಚಳ ಒಡೆದಿರಲಿಲ್ಲ. ಡಬ್ಬಿಯೂ ಸೇರಿ ಒಟ್ಟು ಎರಡೂವರೆ ಕಿಲೋ ಎಂದು ಮೇಲೆಯೇ ಅಚ್ಚಾಗಿದೆ. ಅದನ್ನೇ ಇಟ್ಟು ಎಣಿಕೆ ನೋಡಿದೆ. ಮೂರು ಸಲ ಇಟ್ಟು ತೆಗೆದೆ, ಮೂರು ಸಲವೂ ಒಂದೇ ಬಂತು. ನೀನು ಹೇಳಿದಂತೆ ಚೀಟಿಯಲ್ಲಿ ಅಂಕಿ ಮಾತ್ರ ಬರೆದಿದ್ದೇನೆ. ಶಾಯಿ ಹರಡದ ಕಾಗದ ಹುಡುಕಿ, ದುಂಡಗೆ ಬರೆದಿದ್ದೇನೆ.

ಡಬ್ಬಿಯನ್ನು ಮರುದಿನವೇ ಒಡೆದು ಹಂಚಿಬಿಟ್ಟರು. ಚಿಪ್ಪು ಬೇಗ ಕಳಿಸು. ಮೇಲಿನ ಕೇರಿಯಲ್ಲಿ ದಿನ ತುಂಬುತ್ತಿರುವವರು ಇದ್ದಾರೆ.

ಅರ್ವಾ


ಫೆಸ್
5 ಏಪ್ರಿಲ್ 1997

ಅಕ್ಕ,

ಬೆಳ್ಳಿ ಕಾಗದದಲ್ಲಿ ಸುತ್ತಿರುವುದು ಚಾಕಲೇಟು ಅಲ್ಲ, ಚಿಪ್ಪು. ಹಳೆಯದನ್ನು ಬೆಣ್ಣೆ ಚಾಕುವಿನ ತುದಿಯಿಂದ ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಎಬ್ಬಿಸಿ ತೆಗೆ. ಹೊಸದರ ಒಂದು ತುದಿಯಲ್ಲಿ ಅರ್ಧಚಂದ್ರದಂಥ ಕಚ್ಚು ಇದೆ. ಅದು ಕೆಂಪು ಅಂಕಿ ಉರಿಯುವ ಕಡೆಗಿರಲಿ. ಕಾಲುಗಳು ಮಡಚಿಕೊಳ್ಳದ ಹಾಗೆ ಒತ್ತು. ಲೆಕ್ಕವನ್ನು ಎರಡೆರಡು ಸಲ ನೋಡಿದ್ದೇನೆ.

ಒಂದು ಉಪಕಾರ ಬೇಕು. ನಮ್ಮ ಯೋಜನೆಯ ಪರೀಕ್ಷೆ ಜೂನ್ ಕೊನೆಗೆ. ನಾಲ್ವರು ಗುರುಗಳು ಮುಂದೆ ಕೂತು ಪ್ರಶ್ನೆ ಕೇಳುತ್ತಾರೆ. ಉಳಿದ ಹುಡುಗರ ಯಂತ್ರಗಳು ಮೇಜಿನ ಮೇಲೆ ದೀಪ ಮಿಟುಕಿಸುತ್ತವೆ, ಅಷ್ಟೇ. ನಮ್ಮದು ಮಾತ್ರ ನಿಜವಾದ ಆರೋಗ್ಯ ಕೇಂದ್ರದಲ್ಲಿ ನಿಜವಾದ ಮಕ್ಕಳನ್ನು ತೂಗುತ್ತಿದೆ. ಪ್ರಬಂಧದಲ್ಲಿ ಹಾಗೆಂದು ಬರೆದಿದ್ದೇನೆ. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಕೇಂದ್ರದ ಮೊಹರು ಹಾಕಿ ಒಂದು ಕಾಗದ ಕಳಿಸು. ಇದರಲ್ಲಿ ತೇರ್ಗಡೆಯಾಗದಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ, ಪದವಿಯಿಲ್ಲದೆ ಮರಳಬೇಕಾಗುತ್ತದೆ. ಅಮ್ಮನಿಗೆ ಇದನ್ನು ಹೇಳಬೇಡ.

ಗಮ್ದಾನ್


ಬೈತ್ ಶಮ್ಸಾನ್
24 ಏಪ್ರಿಲ್ 1997

ಗಮ್ದಾನ್,

ಚಿಪ್ಪು ಕೂತಿತು. ಖಾಲಿ ತಟ್ಟೆ ಈಗ ಸೊನ್ನೆ ತೋರಿಸುತ್ತದೆ. ಹಳೆಯ ತಕ್ಕಡಿಯನ್ನು ಹಜ್ಜಾ ತಾವೇ ಕಳಚಿ ಗುಬ್ಬಿಗೆ ಬಿಟ್ಟುಕೊಟ್ಟರು.

ಒಂದು ವಿಷಯ ಕೇಳಬೇಕು. ಮೇಲಿನ ಕೇರಿಯ ಒಬ್ಬ ಹೆಂಗಸಿಗೆ ದಿನಕ್ಕೆ ಮೊದಲೇ ಹೆಣ್ಣುಮಗು ಹುಟ್ಟಿತು. ಹುಟ್ಟಿದ ದಿನ ಹಳೆಯ ತಕ್ಕಡಿಯಲ್ಲಿ, ಇನ್ನೂರು ಕಳೆದು, ಎರಡು ಕಿಲೋ ಮುನ್ನೂರು ಗ್ರಾಂ. ಎರಡು ವಾರದ ಮೇಲೆ ನಿನ್ನ ಯಂತ್ರದಲ್ಲಿ ಒಂದು ಕಿಲೋ ಒಂಬೈನೂರ ಇಪ್ಪತ್ತು. ಮಗು ಕರಗುತ್ತಿದೆ ಎಂದು ಮನೆಯಲ್ಲಿ ಗಲಾಟೆ. ಅತ್ತೆ ಉಮ್ಮು ನಾಜಿ ನನ್ನೆದುರಿಗೇ ಸೊಸೆಗೆ, "ನಿನ್ನ ಎದೇಲಿ ಹಾಲಿದೆಯೋ, ಬಾವಿ ನೀರಿದೆಯೋ?" ಎಂದರು. ಸೊಸೆ ಮುಸುಕನ್ನು ಇನ್ನಷ್ಟು ಕೆಳಗೆಳೆದುಕೊಂಡಳು.

ನನಗೆ ಸಂಶಯ ಬಂದು ಮುಸನ್ನಾನ ಅಂಗಡಿಯಿಂದ ಒಂದು ಕಿಲೋ ಸಕ್ಕರೆ ತರಿಸಿ ಇಟ್ಟೆ. ಎಂಟುನೂರು ಗ್ರಾಂ! ಇದನ್ನು ಹಜ್ಜಾ ನೋಡಬಾರದಿತ್ತು. ನೋಡಿಬಿಟ್ಟರು. ಸಂಜೆಯೊಳಗೆ ಇಡೀ ಊರು ಸಕ್ಕರೆ, ಅಕ್ಕಿ, ಬೇಳೆ ಹೊತ್ತುಕೊಂಡು ಕೇಂದ್ರಕ್ಕೆ ಬಂತು. ಎಲ್ಲವೂ ಕಿಲೋಗೆ ಎಂಟುನೂರೇ. "ಮೂವತ್ತು ವರ್ಷದಿಂದ ನಾವು ಹೇಳ್ತಿರಲಿಲ್ವಾ? ಈಗ ನೋಡಿ, ದೀಪ ಹಚ್ಚಿ ತೋರಿಸ್ತಿದೆ!" ಮುಸನ್ನಾ ಬಂದ, ಯಂತ್ರವನ್ನು ನೋಡಿದ, ತಿರುಗಿ ಹೊರಟ. ಹಿಂದಿನಿಂದ ಯಾರೋ, "ಹೊಟ್ಟೆನೂ ತೂಗಿಸ್ಕೊಂಡು ಹೋಗು ಮುಸನ್ನಾ" ಎಂದು ಕೂಗಿದರು.

ಅಂಗಡಿಯವನು ಕಳ್ಳನೇ ಇರಬಹುದು. ಆದರೆ ಯಂತ್ರವೂ ತಪ್ಪಾಗಿರಲು ಸಾಧ್ಯವಿಲ್ಲವೇ? ಇದೊಂದನ್ನು ನೋಡಿ ಬೇಗ ಬರೆ. ಮೊಹರಿನ ಕಾಗದ ಆಮೇಲೆ ಕಳಿಸುತ್ತೇನೆ.

ದೊಡ್ಡಕ್ಕ ಚೆನ್ನಾಗಿದ್ದಾಳೆ.

ಅರ್ವಾ


ಫೆಸ್
8 ಮೇ 1997

ಅಕ್ಕ,

ಮುಸನ್ನಾನ ಕಥೆ ಓದಿ ವಸತಿಗೃಹದಲ್ಲಿರುವ ಯೆಮನಿನ ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಮಕ್ಕಳನ್ನು ತೂಗಲು ಮಾಡಿದ ಯಂತ್ರ ಮೊದಲು ಹಿಡಿದದ್ದು ಕಳ್ಳನನ್ನು!

ಯಂತ್ರ ತಪ್ಪಾಗಿರಲು ಸಾಧ್ಯವಿಲ್ಲ. ನೀನೇ ಡಬ್ಬಿ ಇಟ್ಟು ಕಳಿಸಿದ ಲೆಕ್ಕ ಅದು. ಇನ್ನೂರು ಕಳೆದು ಓದುವ ಸ್ಪ್ರಿಂಗ್ ತಕ್ಕಡಿಯನ್ನು ನಂಬಿ, ಇದನ್ನು ಸಂಶಯಿಸುತ್ತೀಯಾ? ಅದೇ ಸುಳ್ಳು ಹೇಳಿರಬೇಕು. ಯಂತ್ರಕ್ಕೆ ಅತ್ತೆ ಯಾರು, ಸೊಸೆ ಯಾರು ಎಂದು ಗೊತ್ತಿಲ್ಲ. ಅದು ಯಾರ ಮುಖವನ್ನೂ ನೋಡುವುದಿಲ್ಲ. ಆ ಹೆಂಗಸಿಗೆ ಹಾಲು ಸಾಲದೆಂದರೆ ಸಾಲದು, ಅಷ್ಟೇ. ಅತ್ತೆ ಬೈದರೆ ಅದರಲ್ಲಿ ತಪ್ಪೇನು? ಮನೆಯಲ್ಲಿ ಬೇರೆ ಬಾಣಂತಿಯಿದ್ದರೆ ಮಗುವನ್ನು ಅವಳಿಗೆ ಕೊಡಲಿ. ಮೂರ್ಖತನಕ್ಕೆ ಒಂದು ಕೂಸು ಸಾಯಬಾರದು.

ಮೊಹರಿನ ಕಾಗದ ಮರೆಯಬೇಡ.

ಗಮ್ದಾನ್


ಬೈತ್ ಶಮ್ಸಾನ್
27 ಮೇ 1997

ಗಮ್ದಾನ್,

ಆ ಹೆಂಗಸು ನಮ್ಮ ದೊಡ್ಡಕ್ಕ.

ಅವಳ ಅತ್ತೆಯ ಹೆಸರು ನಿನಗೆ ನೆನಪಿರುತ್ತದೆ, ಓದಿದ ಕೂಡಲೇ ಗೊತ್ತಾಗುತ್ತದೆ ಎಂದು ಹೆದರಿದ್ದೆ. ಆ ಹೆಸರು ಬರೆದಾಗ ನನ್ನ ಒಳಗಿನ ಒಂದು ಭಾಗ ನಿನಗೆ ಗೊತ್ತಾಗಲಿ ಎಂದೇ ಬಯಸಿತ್ತೇನೋ. ಅವಳ ಮದುವೆಗೆ ನಿನಗೆ ಬರಲಾಗಲಿಲ್ಲ. ನಿನ್ನ ಪಾಲಿಗೆ ಅವರು ಬರಿಯ 'ಮೇಲಿನ ಕೇರಿಯ ಅತ್ತೆ'. ಪರೀಕ್ಷೆ ಮುಗಿಯುವವರೆಗೆ ಅವನಿಗೆ ಹೇಳಬೇಡ ಎಂದು ಅಮ್ಮ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು.

ಎಂಜಿನಿಯರನ ಪತ್ರ ಬಂದಿದೆ ಎಂಬ ಸುದ್ದಿ ನನಗಿಂತ ಮೊದಲು ಮೇಲಿನ ಕೇರಿಗೆ ತಲುಪಿತ್ತು. ಉಮ್ಮು ನಾಜಿ ಬಂದು ಎದುರಿಗೇ ಕೂತರು. "ಓದಮ್ಮ. ನಡುನಡುವೆ ನುಂಗಬೇಡ, ನಿನ್ನ ಕಣ್ಣು ಎಲ್ಲಿ ಓಡ್ತದೆ ಅಂತ ನಾನು ನೋಡ್ತಿರ್ತೀನಿ." ನನಗೆ ತಕ್ಷಣ ಬೇರೆ ವಾಕ್ಯ ಕಟ್ಟಿ ಹೇಳಲು ಬರುವುದಿಲ್ಲ, ನಿನಗೆ ಗೊತ್ತು. ನಾಲ್ಕು ಜನರ ಮುಂದಂತೂ ನಾನು ಕಾಗದದಿಂದ ಕಣ್ಣೆತ್ತುವವಳೇ ಅಲ್ಲ. ಇದ್ದದ್ದನ್ನೇ ಓದಿದೆ. "ಅತ್ತೆ ಬೈದರೆ ಅದರಲ್ಲಿ ತಪ್ಪೇನು" ಎಂಬಲ್ಲಿಗೆ ಬಂದಾಗ ಅವರು ತಲೆದೂಗಿ, "ಸ್ವಂತ ತಮ್ಮನೇ ಹೇಳ್ತಿದ್ದಾನೆ ಕೇಳಿಸ್ಕೋ" ಎಂದು ದೊಡ್ಡಕ್ಕನ ಕಡೆ ತಿರುಗಿದರು. ಹೌದು, ಅವಳೂ ಅಲ್ಲೇ ಇದ್ದಳು.

ಅಂದೇ ಮಗುವನ್ನು ಓರಗಿತ್ತಿ ಬಲ್ಕೀಸಳಿಗೆ ಕೊಟ್ಟರು. ಅವಳ ಗಂಡುಮಗುವಿಗೆ ನಾಲ್ಕು ತಿಂಗಳು. ನಮ್ಮ ಧರ್ಮದ ಕಟ್ಟಳೆಯಂತೆ ಐದು ಸಲ ಹೊಟ್ಟೆ ತುಂಬ ಕುಡಿದರೆ ಬಲ್ಕೀಸಳೂ ತಾಯಿಯೇ, ಆ ಹುಡುಗ ಅಣ್ಣನೇ, ಕೊನೆಯವರೆಗೂ. ಐದು ಎಂದೋ ಮುಗಿಯಿತು. ದೊಡ್ಡಕ್ಕನನ್ನು ಬೇರೆ ಕೋಣೆಯಲ್ಲಿ ಮಲಗಿಸುತ್ತಾರೆ. ಮಗು ಅತ್ತರೆ ಎದ್ದು ಬರಬಾರದಂತೆ. ಅವಳು ಇಂಜೆಕ್ಷನ್ ಎಂದು ಹೇಳಿ ದಿನವೂ ಕೇಂದ್ರಕ್ಕೆ ಬರುತ್ತಾಳೆ. ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಬಟ್ಟಲಿಗೆ ಹಾಲು ಹಿಂಡಿಕೊಳ್ಳುತ್ತಾಳೆ. ಹಿಂಡದಿದ್ದರೆ ಬತ್ತಿಹೋಗುತ್ತದಂತೆ. ಮೊದಮೊದಲು ಬಟ್ಟಲು ತುಂಬುತ್ತಿತ್ತು. ಈಗ ಅರ್ಧಕ್ಕೆ ಇಳಿದಿದೆ.

ಇದು ನಿನ್ನ ಮನಸ್ಸು ನೋಯಿಸಲು ಬರೆಯುತ್ತಿರುವುದಲ್ಲ. ಯಂತ್ರ ತಪ್ಪಾಗಿದೆ. ಮಗುವಿಗೆ ಏಳನೆಯ ದಿನ ಕಾಲಿಗೆ ಕಪ್ಪು ದಾರ ಕಟ್ಟಿದ್ದರು. ನನ್ನ ಕಿರುಬೆರಳು ತೂರುವಷ್ಟು ಸಡಿಲವಿತ್ತು. ಬಲ್ಕೀಸಳಿಗೆ ಕೊಡುವ ಮುಂಚೆಯೇ ಆ ದಾರ ಚರ್ಮ ಕಚ್ಚಿ ಕೆಂಪಾಗಿ, ನಾನೇ ಕತ್ತರಿಸಿ ತೆಗೆದೆ. ಕರಗುವ ಮಗುವಿನ ಕಾಲು ದಾರ ಮೀರಿ ದಪ್ಪವಾಗುತ್ತದೆಯೇ?

ನಿನ್ನೆ ಹೊಸ ಹಾಲಿನ ಪುಡಿ ಬಂತು, ಅದೇ ಎರಡೂವರೆ ಕಿಲೋ ಡಬ್ಬಿಗಳು. ಇಟ್ಟು ನೋಡಿದೆ. ನಿನ್ನ ಯಂತ್ರ ಎರಡು ಕಿಲೋ ಎನ್ನುತ್ತದೆ. ನಾಲ್ಕು ಡಬ್ಬಿ ಇಟ್ಟೆ, ನಾಲ್ಕಕ್ಕೂ ಎರಡೇ. ಉಮ್ಮು ನಾಜಿಗೆ ಹೋಗಿ ಹೇಳಿದೆ. "ಡಬ್ಬಿ ಕಂಪನಿಯೋರೂ ಮುಸನ್ನಾನ ನೆಂಟರೇ ಇರ್ಬೇಕು. ಬಲ್ಕೀಸಳ ಹಾಲಿಗೆ ಮಗು ಮೈ ತುಂಬ್ಕೊಳ್ತಿರೋದು ನಿನಗೆ ಸಹಿಸ್ತಿಲ್ಲ, ಅಕ್ಕನ ಕಡೆ ಎಳೀತಿದ್ದೀಯ" ಎಂದು ಬಾಗಿಲು ಹಾಕಿಕೊಂಡರು.

ಮುಸನ್ನಾ ಅಂಗಡಿ ಮುಚ್ಚಿದ್ದಾನೆ. ಆ ಪೆಟ್ಟಿಗೆ ಸುಳ್ಳು ಎಂದು ಯಾರಾದರೂ ಊರ ಗಂಡಸರ ಮುಂದೆ ಹೇಳುವವರೆಗೂ ತೆರೆಯುವುದಿಲ್ಲವಂತೆ.

ಎಲ್ಲಿ ತಪ್ಪಿತು, ಹೇಳು.

ಅರ್ವಾ


ಫೆಸ್
26 ಮೇ 1997

ಅಕ್ಕ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಚಿಪ್ಪಿನಲ್ಲಿ ತಪ್ಪಾಗಿದೆ.

ಇವತ್ತು ಬಾಸ್ಸೂ ನನ್ನ ಕೋಣೆಯ ಗೋಡೆಯಲ್ಲಿರುವ ಊರಿನ ಕ್ಯಾಲೆಂಡರ್ ನೋಡುತ್ತ ಚಹಾ ಕುಡಿಯುತ್ತಿದ್ದ. "ಏನಪ್ಪಾ ಗಮ್ದಾನ್, ನಿಮ್ಮೂರಲ್ಲಿ ನಾಲ್ಕಾದ ಮೇಲೆ ಸೊನ್ನೆ ಬರುತ್ತಾ?" ಎಂದ. ತಮಾಷೆಗೆ ಅಂದುಕೊಂಡೆ. "ನೋಡು, ನಾಲ್ಕು, ಸೊನ್ನೆ, ಆಮೇಲೆ ಆರು. ನಿಮ್ಮ ವಾರಗಳೇ ವಿಚಿತ್ರ." ಲೋಟ ಕೆಳಗಿಟ್ಟು ನಿನ್ನ ಚೀಟಿ ಹುಡುಕಿ ತೆಗೆದೆ.

ನಾವು ಐದನ್ನು ಪುಟ್ಟ ವೃತ್ತವಾಗಿ ಬರೆಯುತ್ತೇವೆ, ಸೊನ್ನೆಗೆ ಬರಿಯ ಚುಕ್ಕೆ ಇಡುತ್ತೇವೆ. ಇಲ್ಲಿಯವರದು ಫ್ರೆಂಚರ ಅಂಕಿ, ವೃತ್ತವೆಂದರೆ ಸೊನ್ನೆ. ನಿನಗೆ ಹೇಳಿರಲಿಲ್ಲ, ಚಿಪ್ಪು ಬರೆಯುವವನು ಬಾಸ್ಸೂ. ನಾನು ಬೆಸುಗೆ ಹಾಕುತ್ತೇನೆ, ಪೆಟ್ಟಿಗೆ ಕಟ್ಟುತ್ತೇನೆ. ಊರಿಗೆ ಬರೆಯುವಾಗ ಎಲ್ಲವೂ ನನ್ನದೇ ಎಂದು ಬರೆದೆ. ಅವನಿಗೆ ಚೀಟಿ ಮಾತ್ರ ಕೊಟ್ಟಿದ್ದೆ. ಅಕ್ಕನ ಪತ್ರವನ್ನು ಪರಗಂಡಸಿನ ಕೈಗೆ ಹೇಗೆ ಕೊಡಲಿ? ಅದರಲ್ಲಿ 'ಎರಡೂವರೆ' ಎಂದು ಅಕ್ಷರದಲ್ಲೇ ಇತ್ತು. ನಮ್ಮ ಏಳು, ಎಂಟು, ನಾಲ್ಕನ್ನೆಲ್ಲ ಅವನು ಕೇಳಿ ತಿಳಿದುಕೊಂಡ. ವೃತ್ತವನ್ನು ಮಾತ್ರ ಕೇಳಲಿಲ್ಲ. ಗೊತ್ತಿದೆ ಎಂದುಕೊಂಡದ್ದನ್ನು ಯಾರು ಕೇಳುತ್ತಾರೆ? ನಿನ್ನ ಎರಡೂವರೆ ಅವನಿಗೆ ಎರಡು ಬಿಂದು ಸೊನ್ನೆ, ಅಂದರೆ ಬರೀ ಎರಡು ಕಿಲೋ. ಹಾಗಾಗಿ ಅಲ್ಲಿ ಎಲ್ಲವೂ ಐದರಲ್ಲಿ ಒಂದು ಪಾಲು ಕಡಿಮೆ ತೋರಿಸುತ್ತಿದೆ.

ಸರಿಮಾಡಿದ ಚಿಪ್ಪು ಇದರೊಂದಿಗಿದೆ. ಇವತ್ತೇ ಬದಲಿಸು.

ಈಗ ನಾನು ಕೇಳುವುದಕ್ಕೆ ಕೋಪ ಮಾಡಿಕೊಳ್ಳಬೇಡ. ಪರೀಕ್ಷೆ ಜೂನ್ 28ಕ್ಕೆ. ಊರವರಿಗೆ ಬ್ಯಾಟರಿ ಇಳಿದಿತ್ತು ಎಂದು ಹೇಳು. ಬ್ಯಾಟರಿ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಮೊಹರಿನ ಕಾಗದದಲ್ಲಿ ಯಂತ್ರ ಮೊದಲಿನಿಂದಲೂ ಸರಿಯಿತ್ತು ಎಂದು ಬರೆದರೆ ಸಾಕು. ಅಷ್ಟಕ್ಕೂ ಏನಾಯಿತು? ಯಾವುದೋ ಮನೆಯಲ್ಲಿ ಎರಡು ದಿನ ಜಗಳವಾಗಿರಬಹುದು, ಮುಸನ್ನಾನಿಗೆ ಸ್ವಲ್ಪ ಬುದ್ಧಿ ಬಂದಿರಬಹುದು. ಯಾರಿಗೂ ಪ್ರಾಣಾಪಾಯವಾಗಿಲ್ಲವಲ್ಲ.

ದೊಡ್ಡಕ್ಕನಿಗೆ ಹೆರಿಗೆ ಆಯಿತೇ? ಏಕೆ ಯಾರೂ ಬರೆಯುತ್ತಿಲ್ಲ?

ಗಮ್ದಾನ್


ಬೈತ್ ಶಮ್ಸಾನ್
11 ಜೂನ್ 1997

ಪ್ರೀತಿಯ ಗಮ್ದಾನ್,

ನಮ್ಮ ಪತ್ರಗಳು ದಾರಿಯಲ್ಲೆಲ್ಲೋ ಒಂದನ್ನೊಂದು ದಾಟಿಹೋಗಿವೆ. ಇಷ್ಟರೊಳಗೆ ನನ್ನದನ್ನು ನೀನು ಓದಿರುತ್ತೀ. ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ.

ಹೊಸ ಚಿಪ್ಪು ಹಾಕಿದೆ. ಡಬ್ಬಿ ಎರಡೂವರೆ ಕಿಲೋ ತೋರಿಸಿತು. ಬಲ್ಕೀಸ್ ಒಳ್ಳೆಯ ಹೆಂಗಸು. ಅತ್ತೆಗೆ ತಿಳಿಯದಂತೆ ಮಗುವನ್ನು ಎತ್ತಿಕೊಂಡು ಬಂದಳು: ಮೂರು ಕಿಲೋ ಆರುನೂರು. ತನ್ನ ಹಾಲಿನಿಂದಾದ ಬೆಳವಣಿಗೆ ಎಂದು ಮನೆಯವರೆಲ್ಲ ಹೊಗಳುತ್ತಿರುವುದರಲ್ಲಿ ಹೆಚ್ಚಿನದು ಮೊದಲೇ ಇತ್ತೆಂದು ಅವಳಿಗೂ ಗೊತ್ತಾಯಿತು. "ನಂಗೆ ಗೊತ್ತಿತ್ತು ಅರ್ವಾ. ಮೊದಲನೇ ದಿನ ಎತ್ಕೊಂಡಾಗ್ಲೇ ಕೈಗೆ ಭಾರ ಬಂತು. ಆದ್ರೆ ಆ ಮನೇಲಿ ನನ್ನ ಮಾತು ಕೇಳೋರು ಯಾರು?" ಎಂದಳು. ಯಂತ್ರ ಸರಿಯಾಯಿತೆಂದು ಹೋಗಿ ಹೇಳಿದರೆ ಉಮ್ಮು ನಾಜಿ ಒಪ್ಪಲಿಲ್ಲ. "ನಿನ್ನೆ ಒಂದು ಹೇಳ್ತು, ಇವತ್ತು ಇನ್ನೊಂದು ಹೇಳ್ತಿದೆ. ನಿನ್ನ ಡಬ್ಬದ ಮಾತಿಗೆ ನಾನು ದಿನಾ ಮಗು ಸಾಗಿಸ್ತಾ ಕೂರ್ಲಾ?" ಅವರು ಹೇಳುವುದರಲ್ಲಿ ತಪ್ಪಿಲ್ಲ. ಕೆಂಪು ಅಂಕಿಯನ್ನು ಇನ್ನು ಯಾರು ಏಕೆ ನಂಬಬೇಕು?

ಆ ಮನೆಯಲ್ಲಿ ಅವರ ಮಾತು ದಾಟಬಲ್ಲವರು ಒಬ್ಬರೇ, ಮಾವ ಹಾಜಿ ಕಾಇದ್. ಅವರು ದಿನವೂ ನಮಾಜು ಮುಗಿಸಿ ಮುಸನ್ನಾನ ಮುಚ್ಚಿದ ಅಂಗಡಿಯ ಕಟ್ಟೆಯಲ್ಲಿ ಉಳಿದ ಗಂಡಸರ ಜೊತೆ ಕೂರುತ್ತಾರೆ. ಅಲ್ಲಿಗೆ ಹೆಂಗಸರು ಹೋಗುವುದಿಲ್ಲ. ನಾನಂತೂ ಆ ಬೀದಿಯಲ್ಲಿ ಹಾಯುವಾಗ ಗೋಡೆಯ ಪಕ್ಕಕ್ಕೇ ಸರಿದು ನಡೆಯುವವಳು.

ಬ್ಯಾಟರಿ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ ಎಂದು ಬರೆದಿದ್ದೀಯ. ನಿಜ. ಆದರೆ ಬ್ಯಾಟರಿ ಒಂದು ದಿನ ಇಳಿಯುತ್ತದೆ, ಒಂದು ದಿನ ಏರುತ್ತದೆ. ಯಾವ ದಿನ ತಪ್ಪು, ಯಾವ ದಿನ ಸರಿ ಎಂದು ಉಮ್ಮು ನಾಜಿ ತಮಗೆ ಬೇಕಾದಂತೆ ಆರಿಸಿಕೊಳ್ಳುತ್ತಾರೆ. ಮುಸನ್ನಾ ಕಳ್ಳನಾಗಿಯೇ ಉಳಿಯುತ್ತಾನೆ. ವೃತ್ತದ ಕಥೆ ಹೇಳಿದರೆ ಹಾಗಲ್ಲ: ಮೊದಲ ದಿನದಿಂದ ಕೊನೆಯ ದಿನದವರೆಗೆ, ಸಕ್ಕರೆಯಾಗಲಿ ಮಗುವಾಗಲಿ, ಐದರಲ್ಲಿ ಒಂದು ಪಾಲು. ನಮ್ಮ ಐದನ್ನು ಮೊರಾಕ್ಕೋದವರು ಸೊನ್ನೆ ಎಂದು ಓದಿದರು ಎಂದರೆ ಇಲ್ಲಿಯ ಅಜ್ಜಂದಿರಿಗೂ ಅರ್ಥವಾಗುತ್ತದೆ. ನಗುತ್ತಾರೆ ಕೂಡ. ನಗಲಿ.

ನೀನು ಕೇಳಿದ ಮೊಹರಿನ ಕಾಗದ ಇದರೊಳಗಿದೆ. ನಡೆದದ್ದನ್ನು ನಡೆದಂತೆಯೇ ಬರೆದಿದ್ದೇನೆ: ಯಾವ ತಪ್ಪು, ಹೇಗೆ ಆಯಿತು, ಯಾರು ಕಂಡುಹಿಡಿದರು, ಈಗ ಯಂತ್ರ ಎಷ್ಟು ಸರಿಯಾಗಿದೆ. ಹಜ್ಜಾ ಓದಿಸಿಕೊಂಡು ಕೇಳಿ ಮೊಹರು ಒತ್ತಿದರು. ಬಾಸ್ಸೂನ ಹೆಸರೂ ಇದೆ. ಗುರುಗಳ ಮುಂದೆ ಇಡುವುದು, ಬಿಡುವುದು ನಿನ್ನ ಕೈಯಲ್ಲಿದೆ. ಬೇರೆ ಕಾಗದ ನನ್ನಿಂದ ಬರುವುದಿಲ್ಲ. ನೀನು ಪದವಿಯಿಲ್ಲದೆ ಬಂದರೆ ಅಮ್ಮ ಅಳುತ್ತಾಳೆ, ನಾನೂ ಅಳುತ್ತೇನೆ. ಆದರೂ ಬರುವುದಿಲ್ಲ.

ದೊಡ್ಡಕ್ಕ ಹಿಂದಿನ ಕೋಣೆಯಲ್ಲಿದ್ದಾಳೆ. ಇವತ್ತು ಬಟ್ಟಲಿನ ತಳ ಮಾತ್ರ ಮುಚ್ಚಿದೆ. ಇನ್ನು ಕಾಯುವ ಹಾಗಿಲ್ಲ. ಬಲ್ಕೀಸ್ ಮಗುವಿನೊಂದಿಗೆ ಮಸೀದಿಯ ತಿರುವಿನಲ್ಲಿ ನಿಂತಿರುತ್ತೇನೆ ಎಂದಿದ್ದಾಳೆ. ಪೆಟ್ಟಿಗೆ ಸುಳ್ಳೆಂದು ಗಂಡಸರ ಮುಂದೆ ನಾನು ಹೇಳಿದರೆ ಮುಸನ್ನಾ ಅಂಗಡಿ ತೆರೆಯುತ್ತಾನೆ; ಒಳಗೆ ತೂಗುಹಾಕಿದ ದೊಡ್ಡ ತಕ್ಕಡಿಯಿದೆ. ಅದಕ್ಕೆ ಅಂಕಿಯೂ ಬೇಕಿಲ್ಲ, ದೀಪವೂ ಬೇಕಿಲ್ಲ. ಒಂದು ತಟ್ಟೆಯಲ್ಲಿ ಹಾಲಿನ ಡಬ್ಬಿ, ಇನ್ನೊಂದರಲ್ಲಿ ಅವನ ಬೊಟ್ಟುಗಳು. ಎರಡೂ ಸರಿತೂಗಿದರೆ ಸುಳ್ಳು ಹೇಳಿದ್ದು ಬೊಟ್ಟಲ್ಲ, ಯಂತ್ರ ಎಂದು ಎಲ್ಲರಿಗೂ ಕಾಣುತ್ತದೆ. ಆಮೇಲೆ ಡಬ್ಬಿಯ ಜಾಗದಲ್ಲಿ ಮಗು.

ಇದನ್ನು ಅಮ್ಮನಿಗೂ ಹೇಳಿಲ್ಲ, ದೊಡ್ಡಕ್ಕನಿಗೂ ಹೇಳಿಲ್ಲ. ಹೇಳಿದರೆ ಬೇಡವೆನ್ನುತ್ತಾರೆ, ಬೇಡವೆಂದರೆ ನಾನು ಸುಮ್ಮನಾಗಿಬಿಡುವವಳು. ನಮಾಜಿನ ಕರೆ ಕೇಳುತ್ತಿದೆ. ಈ ಲಕೋಟೆ ಅಂಟಿಸಿ ಜೀಪಿನವನ ಕೈಗೆ ಕೊಡುತ್ತೇನೆ. ಆಮೇಲೆ ಡಬ್ಬಿ ಎತ್ತಿಕೊಂಡು ಬೀದಿಯ ನಡುವಿನಲ್ಲೇ ನಡೆದು ಹೋಗಿ ಆ ಕಟ್ಟೆಯ ಮುಂದೆ ನಿಲ್ಲುತ್ತೇನೆ.

ನಿನ್ನ ಅಕ್ಕ
ಅರ್ವಾ